ಹಿರಿಯರ ಮನೆಯಲ್ಲಿ ಹೊಸ ಅಕ್ಕಿ ಊಟ

ನಮ್ಮ ಕರಾವಳಿಯಲ್ಲಿ ಮಳೆ ಒಮ್ಮೆಲೇ ಹೋಗುವುದಿಲ್ಲ. ತುಳುವರ ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್) ಮುಗಿಯುವಾಗ ಬೆಳಿಗ್ಗೆ ಒಳ್ಳೆ ಬಿಸಿಲು ಬರುತ್ತದೆ, ಮಧ್ಯಾಹ್ನ ಮೈಯೆಲ್ಲ ಬೆವರು, ಸಂಜೆಗೆ ಘಟ್ಟದ ಕಡೆಯಿಂದ ಗುಡುಗು. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಗದ್ದೆ ಹಳದಿಗೆ ತಿರುಗುತ್ತದೆ. ಅಲ್ಲಿಂದ ದೀಪಾವಳಿವರೆಗೆ ಒಂದರ ಹಿಂದೆ ಒಂದು ಹಬ್ಬ. ಅಷ್ಟಮಿ, ಚೌತಿ, ಕೊಂಕಣಿ ಕ್ರೈಸ್ತರ ತೆನೆ ಹಬ್ಬ ಮೊಂತಿ ಫೆಸ್ತ್, ನವರಾತ್ರಿ, ತೆನೆ ಕಟ್ಟುವುದು, ಹೊಸ ಅಕ್ಕಿ ಊಟ, ಬಲೀಂದ್ರನನ್ನು, ಅಂದರೆ ಬಲಿ ಚಕ್ರವರ್ತಿಯನ್ನು ಕರೆಯುವುದು. ಇದರಲ್ಲಿ ಹೆಚ್ಚಿನದನ್ನೆಲ್ಲ ಮನೆಯಲ್ಲಿ ಕೈಯಾರೆ ಮಾಡಿಕೊಂಡು ಬಂದವಳು ನಾನು. ಹಿರಿಯರ ವಸತಿಗೆ ಸೇರಿದ ಮೇಲಿನ ಮೊದಲ ಶರತ್ಕಾಲ ಹೇಗೆ ಹೋಯಿತು, ಅಲ್ಲಿ ಹೊಸ ಅಕ್ಕಿ ಊಟ ಹೇಗೆ ನಡೆಯಿತು ಎಂದು ಬರೆಯಬೇಕು ಅನ್ನಿಸಿತು. ಇಂಥ ಕಡೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ, ಅಪ್ಪ ಅಮ್ಮನನ್ನು ಇಂಥ ಕಡೆ ಬಿಟ್ಟು ಒಳಗೊಳಗೇ ಕೊರಗುವ ಮಕ್ಕಳಿಗೆ ಇದು ಉಪಯೋಗಕ್ಕೆ ಬರಬಹುದು.

ನಾನು ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ತವರು ಕಾರ್ಕಳದ ಹತ್ತಿರ, ಗದ್ದೆ ಬೇಸಾಯದ ಮನೆ. ಮದುವೆಯಾಗಿ ಬಂದದ್ದು ಮಂಗಳೂರಿಗೆ. ಯಜಮಾನರು ತೀರಿಕೊಂಡ ಮೇಲೆ ಬಿಜೈಯ ಮನೆಯಲ್ಲಿ ಒಬ್ಬಳೇ ಇದ್ದೆ. ಮಗ ಮಸ್ಕತ್‌ನಲ್ಲಿ, ಮಗಳು ಬೆಂಗಳೂರಿನಲ್ಲಿ. ಇಬ್ಬರೂ ಕರೆದರು, ಮನಸ್ಸಿಟ್ಟೇ ಕರೆದರು. ನನಗೆ ಊರು ಬಿಡುವ ಮನಸ್ಸಿರಲಿಲ್ಲ. ಮೊಣಕಾಲು ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ, ಅಡುಗೆಗೆ ಜನ ಸಿಗುತ್ತಿರಲಿಲ್ಲ. ಕೊನೆಗೆ ಗುರುಪುರ ದಾಟಿ ಮೂಡುಬಿದಿರೆ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಹಿರಿಯರ ವಸತಿಯನ್ನು ನಾನೇ ನೋಡಿ, ನಾನೇ ಒಪ್ಪಿದೆ. ಠೇವಣಿ, ತಿಂಗಳ ದುಡ್ಡು, ಡಾಕ್ಟರ್ ಚೀಟಿ, ಆಧಾರ್ ಪ್ರತಿ, ಮಕ್ಕಳ ಸಹಿ. ಅದೆಲ್ಲ ಎಲ್ಲ ಕಡೆ ಇದ್ದದ್ದೇ. ಕೋಣೆಯ ಕಿಟಕಿಯಿಂದ ಗದ್ದೆ ಕಾಣುತ್ತದೆ ಎನ್ನುವುದೇ ನನಗೆ ದೊಡ್ಡದಾಗಿತ್ತು.

ಮಳೆಗಾಲ ಪೂರ್ತಿ ಎಲ್ಲರೂ ಒಳಗೇ ಕೂತಿದ್ದರು. ಬಿಸಿಲು ಬಿದ್ದ ಕೂಡಲೇ ಹೊದಿಕೆ, ದಿಂಬು, ಹಳೆ ಆಲ್ಬಂ, ಮಣಿಸರ, ಭಜನೆ ಪುಸ್ತಕ, ಎಲ್ಲವೂ ಜಗಲಿಗೆ ಬಂದವು. ಮುಗ್ಗಲು ವಾಸನೆ ಹೋಗಬೇಕಲ್ಲ. ವಾಕರ್ ಹಿಡಿದವರು ಅಂಗಳಕ್ಕೆ ಇಳಿದರು. ಕಾಲಿನ ಬಾವು ಸ್ವಲ್ಪ ಇಳಿಯಿತು, ಮಾತು ಜಾಸ್ತಿಯಾಯಿತು. ಯಾರ ಊರು ಯಾವುದು, ಯಾರ ಮನೆಯಲ್ಲಿ ಎಷ್ಟು ಮುಡಿ ಅಕ್ಕಿ ಗೇಣಿ ಬರುತ್ತಿತ್ತು, ಯಾರ ಅತ್ತೆ ಎಷ್ಟು ಜೋರು ಎಂದೆಲ್ಲ ನನಗೆ ಗೊತ್ತಾದದ್ದು ಆ ದಿನಗಳಲ್ಲೇ.

ಅಲ್ಲಿ ಕಷ್ಟ ಎಂದರೆ ಒಂದೇ. ಮಾಡಲಿಕ್ಕೆ ಕೆಲಸ ಇಲ್ಲ. ತಟ್ಟೆ ಎತ್ತಲು ಹೋದರೆ ಆಯಾ ಓಡಿ ಬರುತ್ತಾಳೆ, "ಕೂತ್ಕೊಳ್ಳಿ ಅಮ್ಮ, ನಾವಿದ್ದೇವಲ್ಲ." ಅವಳದ್ದು ಪ್ರೀತಿಯೇ. ಆದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಕೈ ಚಾಚಿ ತೆಗೆದುಕೊಳ್ಳುವುದು ಮಾತ್ರ ಆದರೆ ಮನುಷ್ಯ ಒಳಗೆ ಕುಗ್ಗುತ್ತಾನೆ. ಅಕ್ಟೋಬರ್ 1 ಹಿರಿಯರ ದಿನ. ವಿಶ್ವಸಂಸ್ಥೆ 1990ರಲ್ಲಿ ತೀರ್ಮಾನ ಮಾಡಿ, 1991ರಿಂದ ನಡೆದು ಬಂದ ದಿನ ಅದು. ಆ ದಿನ ಕಾಲೇಜಿನ ಮಕ್ಕಳು ಬಂದರು. ಹಣ್ಣು ಕೊಟ್ಟರು, ಶಾಲು ಹೊದಿಸಿದರು, ಹಾಡಿದರು. ಒಳ್ಳೆಯ ಮಕ್ಕಳು. ನಾವು ಸಾಲಾಗಿ ಕುರ್ಚಿಯಲ್ಲಿ ಕೂತು ಕೈ ಮುಗಿದೆವು. ಅವರಿಗೆ ತಿರುಗಿ ಕೊಡಲು ನಮ್ಮ ಕೈಯಲ್ಲಿ ಒಂದು ಲೋಟ ಪಾನಕವೂ ಇರಲಿಲ್ಲ ಎನ್ನುವುದು ನನ್ನನ್ನು ತುಂಬ ಹೊತ್ತು ಕಾಡಿತು. ಮನೆಗೆ ಬಂದವರನ್ನು ಹಾಗೇ ಕಳಿಸಿ ನಮಗೆ ಅಭ್ಯಾಸ ಇಲ್ಲ.

ಹೊಸ ಅಕ್ಕಿ ಊಟದ ಯೋಚನೆಗೆ ಬೀಜ ಹಾಕಿದವರು ಪಕ್ಕದ ಕೋಣೆಯ ಬಾಯಿ. ಕೊಂಕಣಿ ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುವುದು. ಅದು ಅದಕ್ಕೂ ಮೊದಲು, ಸೆಪ್ಟೆಂಬರ್‌ನಲ್ಲಿ. ಅವರು ಕುಲಶೇಖರದ ಕಡೆಯವರು, ಟೀಚರ್ ಆಗಿದ್ದವರು. ಆಗಸ್ಟ್ 30ರಿಂದ ಒಂಬತ್ತು ದಿನ ಸಂಜೆ ಅವರ ಕೋಣೆಯಲ್ಲಿ ಮರಿಯಮ್ಮನ ಮುಂದೆ ಹೂವು, ಪ್ರಾರ್ಥನೆ. ಅಂಗಳದ ದಾಸವಾಳ, ರಥಹೂ, ಗೊಂಡೆ, ಏನು ಸಿಕ್ಕಿದರೂ ಆಗುತ್ತದೆ ಎಂದರು. ನಮ್ಮ ಅಂಗಳದ ಹೂವೆಲ್ಲ ಆ ಒಂಬತ್ತು ದಿನ ಅವರಿಗೇ. ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್. ಚರ್ಚಿಗೆ ಹೋಗಲಾಗದವರಿಗೆಂದು ಆಶೀರ್ವಾದ ಮಾಡಿದ ತೆನೆಯನ್ನು ಯಾರೋ ಮಕ್ಕಳು ತಂದುಕೊಟ್ಟರು. ಬಾಯಿ ಅದರ ಕಾಳು ಬಿಡಿಸಿ, ಉಗುರಿನಿಂದ ಹೊಟ್ಟು ತೆಗೆದು, ಜಜ್ಜಿ ಹಾಲಿಗೆ ಹಾಕಿದರು. ಒಂದು ಸಣ್ಣ ಪಾತ್ರೆ, ಒಂದು ಚಮಚ. ಕೋಣೆಯಿಂದ ಕೋಣೆಗೆ ನಡೆದು ಎಲ್ಲರ ಕೈಗೂ ಹಾಕಿದರು. ನಮಗೂ, ಆಯಾಗಳಿಗೂ, ಗೇಟಿನ ಕಾವಲಿನವರಿಗೂ. ಅವತ್ತು ಅವರ ಸೊಂಟ ನೋವು ಎಲ್ಲಿ ಹೋಗಿತ್ತೋ. ಮಧ್ಯಾಹ್ನ ಅಡುಗೆಯವರು ಅವರಿಗಾಗಿ ಮೀನು ಬಿಟ್ಟು ತರಕಾರಿ ಊಟ ಮಾಡಿದ್ದರು. ಅವರ ಕಡೆ ಆ ದಿನ ಬಗೆಗಳನ್ನು ಬೆಸ ಸಂಖ್ಯೆಯಲ್ಲಿ ಮಾಡುವುದು ಪದ್ಧತಿ. ಬಾಯಿ ಎಲೆಯ ಮುಂದೆ ಕೂತು ಎಣಿಸಿ ನೋಡಿ ನಕ್ಕರು.

ನಮ್ಮ ಪುದ್ದರ್ (ತುಳುವಿನಲ್ಲಿ ಹೊಸ ಅಕ್ಕಿ ಊಟ) ಕೂಡ ಇದೇ ಅಲ್ವಾ ಅನ್ನಿಸಿತು ನನಗೆ. ಮೊದಲ ಬೆಳೆ ಬಂತು, ಕೊಟ್ಟವರನ್ನು ನೆನೆದು, ಹಂಚಿಕೊಂಡು ಉಣ್ಣುವುದು. ಹಿರಿಯರ ದಿನದ ಮರುದಿನ ಮ್ಯಾನೇಜರ್ ಹತ್ತಿರ ಹೋಗಿ ಕೇಳಿದೆ. "ಆಗಲಿ ಅಮ್ಮ, ಕ್ಯಾಟರಿಂಗ್‌ನವರಿಗೆ ಹೇಳುವಾ" ಎಂದರು. ಹಾಗಲ್ಲ, ನಾವೇ ಮಾಡುತ್ತೇವೆ ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಹೆದರಿಕೆ ಸುಮ್ನೆ ಅಲ್ಲ. ಕತ್ತಿ, ಬೆಂಕಿ, ಒದ್ದೆ ನೆಲ, ಜಾರಿದರೆ ಸೊಂಟದ ಮೂಳೆ. ಮಕ್ಕಳಿಗೆ ಉತ್ತರ ಕೊಡಬೇಕಾದವರು ಅವರು.

ನಮ್ಮ ನರ್ಸ್ ಸಿಸ್ಟರ್ ಬಂದು ಒಂದು ಪಟ್ಟಿ ಮಾಡಿದರು. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಉಪ್ಪು ಕಮ್ಮಿ, ಯಾರಿಗೆ ನುಂಗಲು ಕಷ್ಟ. ನುಂಗಲು ಕಷ್ಟ ಇರುವವರ ವಿಷಯದಲ್ಲಿ ಅವರು ಬಹಳ ಗಟ್ಟಿ. ಹಸಿ ಅಕ್ಕಿ ಕಾಳು ಗಂಟಲಲ್ಲಿ ಸಿಕ್ಕಿದರೆ, ಅನ್ನದ ಅಗುಳು ಶ್ವಾಸಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ ಎಂದು ನಮಗೆಲ್ಲ ಅರ್ಥವಾಗುವ ಹಾಗೆ ಹೇಳಿದರು. ಅದಕ್ಕೆ ನಾವೇ ಒಂದು ದಾರಿ ಮಾಡಿದೆವು. ಹೊಸ ಅಕ್ಕಿಯನ್ನು ತೆಂಗಿನಕಾಯಿ ಜೊತೆ ನುಣ್ಣಗೆ ಅರೆದು ಪಾಯಸಕ್ಕೆ ಹಾಕುವುದು. ನುಂಗಲು ಆಗದವರಿಗೆ ಅದೇ ಅಕ್ಕಿಯ ದಪ್ಪ ಗಂಜಿ. ಸಕ್ಕರೆ ಕಾಯಿಲೆಯವರಿಗೆ ಪಾಯಸ ಒಂದೇ ಚಮಚ, ಆದರೆ ಎಲೆಗೆ ಬೀಳಲೇಬೇಕು. ಹೊಸ ಅಕ್ಕಿ ಬೇಯುವಾಗ ಹಳೆ ಅಕ್ಕಿಗಿಂತ ಮೆತ್ತಗೆ, ಅಂಟು ಅಂಟು ಆಗುತ್ತದೆ. ಗಂಜಿಗೆ ಅದು ಒಳ್ಳೆಯದೇ.

ಯಾವ ದಿನ ಮಾಡುವುದು ಎನ್ನುವುದಕ್ಕೆ ಇನ್ನೊಂದು ಸುತ್ತು ಚರ್ಚೆ. ಒಬ್ಬರ ಮನೆಯಲ್ಲಿ ತೆನೆ ಕಟ್ಟುವುದು ಚೌತಿಗೆ. ಇನ್ನೊಬ್ಬರಲ್ಲಿ ನವರಾತ್ರಿಗೆ. ಮತ್ತೊಬ್ಬರಲ್ಲಿ ದೀಪಾವಳಿಗೆ. ಎಲ್ಲರೂ ತಮ್ಮ ಮನೆಯ ಕ್ರಮವೇ ಸರಿ ಎಂದರು, ಅದು ಸಹಜ. ಕೊನೆಗೆ ವಿಜಯದಶಮಿ ಎಂದು ತೀರ್ಮಾನವಾಯಿತು. ಬ್ಯಾಂಕಿನಲ್ಲಿದ್ದ ರಾಯರು ಒಂದು ದೊಡ್ಡ ಹಾಳೆಯಲ್ಲಿ ಕೆಲಸ ಬರೆದು ಊಟದ ಹಾಲ್‌ನಲ್ಲಿ ಅಂಟಿಸಿದರು. ಕೂತು ಮಾಡುವ ಕೆಲಸ ಒಂದು ಕಡೆ, ನಿಂತು ಮಾಡುವ ಕೆಲಸ ಇನ್ನೊಂದು ಕಡೆ, ಮಲಗಿದಲ್ಲೇ ಮಾಡುವ ಕೆಲಸ ಮತ್ತೊಂದು ಕಡೆ. ಮಲಗಿದವರಿಗೂ ಕೆಲಸ ಇರಬೇಕು ಎಂದವರು ಅವರೇ. ಆ ಹಾಳೆಯ ಮುಂದೆ ಯಾವಾಗಲೂ ಇಬ್ಬರು ಮೂವರು ನಿಂತು ತಮ್ಮ ಹೆಸರು ಹುಡುಕುತ್ತಿದ್ದರು.

ಆಯುಧ ಪೂಜೆ ನಮ್ಮಲ್ಲಿ ಬಹಳ ಚಂದ ಆಯಿತು. ಗ್ರೈಂಡರ್, ಮಿಕ್ಸಿ, ವ್ಯಾನ್, ತೋಟದ ಕತ್ತಿ, ಪಂಪು ಎಲ್ಲ ಕಡೆಯೂ ಇರುತ್ತದೆ. ಇಲ್ಲಿ ಅದರ ಜೊತೆಗೆ ವಾಕರ್, ಊರುಗೋಲು, ಗಾಲಿ ಕುರ್ಚಿ, ಬಿಪಿ ನೋಡುವ ಯಂತ್ರ, ಆಮ್ಲಜನಕದ ಯಂತ್ರ. ಎಲ್ಲವನ್ನೂ ಒರೆಸಿ ಸಾಲಾಗಿ ಇಟ್ಟು ಗಂಧ, ಕುಂಕುಮ, ಹೂವು. ಉಡುಪಿ ಮಲ್ಲಿಗೆಗೆ ನವರಾತ್ರಿಯಲ್ಲಿ ಬೆಲೆ ಏರುತ್ತದೆ. ಆದರೂ ಶಂಕರಪುರದ ಕಡೆಯ ಮಗಳೊಬ್ಬಳು ತನ್ನ ಅಮ್ಮನ ಲೆಕ್ಕದಲ್ಲಿ ಒಂದು ಅಟ್ಟೆ ಕಳಿಸಿದ್ದಳು. ಅಟ್ಟೆ ಎಂದರೆ ನಾಲ್ಕು ಚೆಂಡು, ಮೂರು ಸಾವಿರಕ್ಕೂ ಮಿಕ್ಕಿ ಮೊಗ್ಗು. ವಾಕರ್‌ನ ಹಿಡಿಕೆಗೆ ಮಲ್ಲಿಗೆ ಸುತ್ತುವಾಗ ನನಗೆ ನಿಜವಾಗಿ ಕೈ ಮುಗಿಯಬೇಕು ಅನ್ನಿಸಿತು. ಅದು ಇಲ್ಲದಿದ್ದರೆ ನಾನು ಅಂಗಳ ನೋಡುವವಳಲ್ಲ.

ನವರಾತ್ರಿಯ ನಡುವೆ ಒಂದು ದಿನ ಹುಲಿವೇಷದವರೂ ಬಂದರು. ತಾಸೆಯ ಸದ್ದು ಗೇಟಿನಲ್ಲಿ ಕೇಳಿದ್ದೇ ತಡ, ಕಿವಿಯ ಯಂತ್ರ ಇರುವವರು ಅದನ್ನು ತೆಗೆದಿಟ್ಟರು. ಕಿವಿ ಪೂರ್ತಿ ಹೋದ ಅಜ್ಜ ಒಬ್ಬರು ಕುರ್ಚಿಯ ಕೈ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ಸದ್ದು ಅವರಿಗೆ ನೆಲದಿಂದ ಬರುತ್ತಿತ್ತು. ಹುಲಿಯೊಂದು ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿದಾಗ ಅವರು ಎದ್ದು ನಿಂತೇ ಬಿಟ್ಟರು.

ತೆನೆ ಎಲ್ಲಿಂದ? ಕಿಟಕಿಯಲ್ಲಿ ಕಾಣುವ ಗದ್ದೆಯವರನ್ನೇ ಕೇಳಿದೆವು. ಆ ಅಣ್ಣ ಕಟಾವು ಯಂತ್ರಕ್ಕೆ ಹೇಳಿಟ್ಟು, ಮಳೆ ಬಂದರೆ ಪೈರು ಮಲಗುತ್ತದೆ ಎಂದು ದಿನಾ ಆಕಾಶ ನೋಡುತ್ತಿದ್ದರು. ಆದರೂ ನಮಗಾಗಿ ಬದುವಿನ ಪಕ್ಕದ ಒಂದು ಮೂಲೆ ಬಿಡುತ್ತೇನೆ ಎಂದರು. ದುಡ್ಡಿನ ಮಾತು ಎತ್ತಿದ್ದಕ್ಕೆ, "ತೆನೆಗೆ ಯಾರಾದರೂ ದುಡ್ಡು ತಗೊಳ್ತಾರಾ ಅಕ್ಕ?" ಎಂದು ಕೇಳಿದರು. ದಶಮಿಯ ಹಿಂದಿನ ಸಂಜೆ ನಡೆಯಲು ಆಗುವವರು ಕೆಲವರು ಬದುವಿನವರೆಗೆ ಹೋದೆವು. ತೆನೆ ಕೊಯ್ದು ತಂದು ರಾತ್ರಿ ತುಳಸಿ ಕಟ್ಟೆಯ ಬುಡದಲ್ಲಿಟ್ಟೆವು. ಜೊತೆಗೆ ಮಾವಿನ ಎಲೆ, ಹಲಸಿನ ಎಲೆ, ಅಶ್ವತ್ಥದ ಎಲೆ, ಬಿದಿರಿನ ಎಲೆ. ಬಿದಿರು ಸಿಗಲು ಕಾವಲಿನವರು ಹೊಳೆ ಬದಿಗೆ ಹೋಗಿ ಬಂದರು.

ಬೆಳಿಗ್ಗೆ ಬೇಗ ದೀಪ ಹಚ್ಚಿ, ಗೆರಸೆಯಲ್ಲಿ ತೆನೆ ಇಟ್ಟು ಒಳಗೆ ತಂದೆವು. ಮುಂದೆ ದೀಪ ಹಿಡಿದವರು, ಹಿಂದೆ "ಪೊಲಿ, ಪೊಲಿ, ಪೊಲಿಯೇರಡ್" (ಸಮೃದ್ಧಿ ಹೆಚ್ಚಲಿ) ಎಂದು ಎಲ್ಲರೂ. ಮೊದಲು ಸ್ವರ ಸಣ್ಣದಿತ್ತು. ಹಾಲ್ ಮುಟ್ಟುವ ಹೊತ್ತಿಗೆ ಗಾಲಿ ಕುರ್ಚಿಯಲ್ಲಿದ್ದವರೂ ಕೂಗುತ್ತಿದ್ದರು. ಬಾಯಿ ಕೂಡ ಹೇಳಿದರು. ಮತ್ತೆ ಎಲೆಗಳ ಜೊತೆ ತೆನೆ ಸೇರಿಸಿ ಸಣ್ಣ ಸಣ್ಣ ಕಟ್ಟು ಮಾಡಿದೆವು. ಇದು ಕೂತು ಮಾಡುವ ಕೆಲಸ, ಹಾಗಾಗಿ ಕೈಗಳಿಗೆ ಬರ ಇರಲಿಲ್ಲ. ಪ್ರತಿ ಕೋಣೆಯ ಬಾಗಿಲಿಗೆ ಒಂದು, ಅಡುಗೆಮನೆಯ ಉಗ್ರಾಣಕ್ಕೆ ಒಂದು, ಬಾವಿಯ ರಾಟೆಗೆ ಒಂದು, ವ್ಯಾನಿಗೆ ಒಂದು. ಔಷಧಿ ಇಡುವ ಕಪಾಟಿಗೂ ಕಟ್ಟಿ ಎಂದು ಸಿಸ್ಟರ್ ತಾವಾಗಿ ಹೇಳಿದರು.

ಮೂಲೆಯ ಕೋಣೆಯಲ್ಲಿ ಪಾರ್ಶ್ವವಾಯು ಬಡಿದು ಮಲಗಿರುವ ಅಜ್ಜ ಒಬ್ಬರಿದ್ದಾರೆ. ಬೆಳ್ತಂಗಡಿ ಕಡೆಯ ಬೇಸಾಯಗಾರರು. ಬಲಗೈ ಏಳುವುದಿಲ್ಲ, ಮಾತು ನಿಧಾನ. ರಾಯರ ಹಾಳೆಯಲ್ಲಿ ಅವರ ಹೆಸರಿನ ಮುಂದೆ "ತೆನೆ ನೋಡುವುದು" ಎಂದು ಬರೆದಿತ್ತು. ನಾನು ತೆನೆ ಅವರ ಎಡಗೈಗೆ ಕೊಟ್ಟೆ. ಅವರು ಹೆಬ್ಬೆರಳಿನಲ್ಲಿ ಒಂದು ಕಾಳು ಉಜ್ಜಿದರು, ಬಾಯಿಗೆ ಹಾಕಿ ಮುಂದಿನ ಹಲ್ಲಲ್ಲಿ ಕಚ್ಚಿದರು. ಸಿಸ್ಟರ್ ತಡೆಯಲು ಮುಂದೆ ಬಂದವರು ಸುಮ್ಮನೆ ನಿಂತರು. ಅಜ್ಜ ಸಿಪ್ಪೆ ಉಗುಳಿ, "ಎಂಓ4 ಅಲ್ವಾ?" ಎಂದರು. ಹೌದು, ಗದ್ದೆಯ ಅಣ್ಣ ಹೇಳಿದ್ದು ಅದೇ. ಕೇರಳದ ಮೊಂಕೊಂಬು ಕೇಂದ್ರದಿಂದ ಬಂದು ನಮ್ಮ ಜಿಲ್ಲೆಗಳಲ್ಲಿ ಬೇರೂರಿದ ಕೆಂಪಕ್ಕಿ ತಳಿ. "ಇನ್ನೂ ಎರಡು ದಿನ ಬಿಡಬೇಕಿತ್ತು. ಬುಡದ ಕಾಳು ಹಸಿ ಉಂಟು." ಅಷ್ಟು ಉದ್ದದ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಗದ್ದೆಯ ಅಣ್ಣನಿಗೆ ಇದನ್ನು ಮುಟ್ಟಿಸಿದೆವು. ಅವರು ಕಟಾವನ್ನು ಎರಡು ದಿನ ಮುಂದೆ ಹಾಕಿದರು. ಆಮೇಲೆ ಒಂದು ಸಂಜೆ ಬಂದು ಅಜ್ಜನ ಮಂಚದ ಬಳಿ ಕೂತು ಮಾತಾಡಿ ಹೋದರು.

ತರಕಾರಿ ಹೆಚ್ಚುವುದಕ್ಕೆ ಉದ್ದದ ಮೇಜು. ಹರಿವೆ, ಅಲಸಂಡೆ, ಮುಳ್ಳುಸೌತೆ, ಹೀರೆಕಾಯಿ, ತೊಂಡೆಕಾಯಿ, ಬೆಂಡೆ, ಕೆಸುವಿನ ದಂಟು. ಮಳೆಗಾಲದಲ್ಲಿ ಅಂಗಳದಲ್ಲಿ ಬೆಳೆದ ಬಳ್ಳಿ ಸೊಪ್ಪುಗಳೇ ಈ ಊಟದ ಜೀವ. ಕೈ ನಡುಗುವವರಿಗೆ ಕತ್ತಿ ಕೊಡಲಿಲ್ಲ. ಅವರು ಅಲಸಂಡೆ ಮುರಿದರು, ಹರಿವೆ ಸೊಪ್ಪು ಬಿಡಿಸಿದರು. ಒಬ್ಬರ ಮನೆಯಿಂದ ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ಬಂದಿತ್ತು, ಅದರ ಪಲ್ಯ ಆಯಿತು. ಹೀರೆಕಾಯಿ ಸಿಪ್ಪೆಯ ಚಟ್ನಿ ಯಾರಿಗೂ ಕಮ್ಮಿ ಆಗಬಾರದೆಂದು ಎರಡು ಸಲ ಅರೆದರು. ಒಲೆಯ ಹತ್ತಿರ ಅಡುಗೆಯ ಅಕ್ಕನೇ ನಿಂತಳು, ಅದು ಮ್ಯಾನೇಜರ್ ಹಾಕಿದ ಷರತ್ತು. ಹೊಸ ಭತ್ತ ಇನ್ನೂ ಮಿಲ್ಲಿಗೆ ಹೋಗಿರಲಿಲ್ಲ. ಹಾಗಿದ್ದಾಗ ತೆನೆಯ ಕಾಳು ಬಿಡಿಸಿ, ಒಂದು ಹಿಡಿ ಹೊಸ ಅಕ್ಕಿಯನ್ನು ಹಳೆ ಅಕ್ಕಿಗೆ ಸೇರಿಸಿದರೆ ಸಾಕು. ನಮ್ಮ ತವರಿನಲ್ಲೂ ಹಾಗೇ ಮಾಡುತ್ತಿದ್ದರು.

ಹೊಸ ಊಟಕ್ಕೆ ಒಂದು ಕ್ರಮ ಉಂಟು. ಮೊದಲ ತುತ್ತು ಬಾಯಿಗಿಡುವ ಮೊದಲು ಕಿರಿಯರು ಹಿರಿಯರಲ್ಲಿ ಹೇಳಬೇಕು. "ಪುದ್ದರ್ ಉಣ್ಪೆ." ಹೊಸತು ಉಣ್ಣುತ್ತೇನೆ. ಅವರು "ಉಣ್ಣು" ಅನ್ನಬೇಕು. ಮನೆಯಲ್ಲಿ ಅತ್ತೆ ಮಾವನ ಕಡೆಗೆ ತಿರುಗಿ ನಾನು ಹಾಗೆ ಹೇಳಿದವಳು, ಆಮೇಲೆ ಮಕ್ಕಳಿಂದ ಹೇಳಿಸಿಕೊಂಡವಳು. ಇಲ್ಲಿ ಎಲ್ಲರೂ ಹಿರಿಯರೇ. ಯಾರು ಯಾರಿಗೆ ಹೇಳುವುದು? ಆಧಾರ್ ಕಾರ್ಡಿನ ತಾರೀಕು ನಂಬುವ ಹಾಗಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ಟ್ರು ಬರೆದದ್ದೇ ಹುಟ್ಟಿದ ದಿನ. ಹಾಗಾಗಿ ನೆನಪಿನಿಂದ ಲೆಕ್ಕ ಹಾಕಿದೆವು. ಪಾಣೆಮಂಗಳೂರು ಕಡೆಯ ಅಜ್ಜಿಯ ಅಮ್ಮ ಹೇಳುತ್ತಿದ್ದರಂತೆ, 1923ರ ದೊಡ್ಡ ನೆರೆ ಇಳಿದು ಕಟ್ಟಿಸಿದ ಹೊಸ ಮನೆಯಲ್ಲಿ ಮೊದಲು ಹುಟ್ಟಿದ ಕೂಸು ಇವಳೇ ಎಂದು. ನೇತ್ರಾವತಿಗೆ 1974ರಲ್ಲಿ ಮತ್ತೆ ಅಂಥದ್ದೇ ನೆರೆ ಬಂದಾಗ ಅಜ್ಜಿಗೆ ಮದುವೆ ಪ್ರಾಯದ ಮಕ್ಕಳಿದ್ದರು. ಅಜ್ಜಿಯೇ ಎಲ್ಲರಿಗಿಂತ ಹಿರಿಯರು, ಅದರಲ್ಲಿ ಎರಡು ಮಾತಿಲ್ಲ.

ಊಟದ ಸಾಲಿನ ಬಗ್ಗೆ ನನ್ನದೊಂದು ಹಟ ಇತ್ತು. ಆಯಾಗಳು, ಅಡುಗೆಯವರು, ಗುಡಿಸುವವರು, ಕಾವಲಿನವರು ಕೊನೆಗೆ ಅಡುಗೆಮನೆಯಲ್ಲಿ ನಿಂತು ಉಣ್ಣುವುದು ಬೇಡ. ಅವತ್ತು ಅವರು ನಮ್ಮ ಜೊತೆ ಎಲೆಯ ಮುಂದೆ ಕೂರಬೇಕು, ನಾವು ಬಡಿಸಬೇಕು. ಎಲ್ಲರೂ ಒಟ್ಟಿಗೆ ಕೂತರೆ ಕರೆಗಂಟೆ ಹೊಡೆದವರನ್ನು ನೋಡುವವರು ಯಾರು ಎಂದು ಸಿಸ್ಟರ್ ಕೇಳಿದರು. ಸರಿಯಾದ ಪ್ರಶ್ನೆ. ಹಾಗಾಗಿ ಎರಡು ಪಂಕ್ತಿ ಮಾಡಿದೆವು. ಎರಡರಲ್ಲೂ ಅರ್ಧ ನಾವು, ಅರ್ಧ ಅವರು. ಬಡಿಸುವ ಕೆಲಸಕ್ಕೆ ನಿಲ್ಲಲು ಆಗುವ ನಾವು ಕೆಲವರು. ಸಾರಿನ ಪಾತ್ರೆ ಎತ್ತುವುದು ಬೇಡವೆಂದು ತಳ್ಳುವ ಗಾಡಿಯಲ್ಲಿ ಇಟ್ಟುಕೊಂಡೆವು. ರಾಯರು ಉಪ್ಪು, ಉಪ್ಪಿನಕಾಯಿ, ಪಲ್ಯ. ನಾನು ಅನ್ನ. ನನ್ನ ಕೋಣೆಯ ಬಚ್ಚಲು ತೊಳೆಯುವ ಹುಡುಗಿ ಕೂತಿದ್ದಳು. ಎಲೆಗೆ ಅನ್ನ ಹಾಕಿದಾಗ ಅವಳು ಎರಡೂ ಕೈ ಅಡ್ಡ ಹಿಡಿದು, "ಸಾಕಮ್ಮ, ಸಾಕು" ಎಂದಳು. ನಾಚಿಕೆಗೆ ಮುಖ ಕೆಂಪು. ಇನ್ನೊಂದು ಸೌಟು ಹಾಕಿದೆ.

ಎಲೆ ತುಂಬಿತು. ಒಂದು ಎಲೆ ತೀರಿಹೋದವರಿಗೆಂದು ಮೂಲೆಯಲ್ಲಿ ದೀಪದ ಮುಂದೆ ಇಟ್ಟಿದ್ದೆವು. ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಎಂಬತ್ತು ದಾಟಿದವರು, ಮೊಮ್ಮಕ್ಕಳ ಮದುವೆ ನೋಡಿದವರು, ಒಬ್ಬೊಬ್ಬರಾಗಿ "ಪುದ್ದರ್ ಉಣ್ಪೆ ಅಮ್ಮ" ಎಂದರು. ಕನ್ನಡದವರು ಕನ್ನಡದಲ್ಲಿ, ಬಾಯಿ ಕೊಂಕಣಿಯಲ್ಲಿ ಹೇಳಿದರು. ಅಜ್ಜಿ ಪ್ರತಿಯೊಬ್ಬರಿಗೂ ತಲೆ ಆಡಿಸಿ "ಉಣ್ಣಿ, ಉಣ್ಣಿ" ಎಂದರು. ಎಷ್ಟೋ ವರ್ಷದಿಂದ ಯಾರಿಗೂ ಕಿರಿಯರಾಗಿ ಇರದವರ ಮುಖ ಆ ಹೊತ್ತಿನಲ್ಲಿ ಹೇಗಿತ್ತೆಂದರೆ, ಅದನ್ನು ಬರೆಯಲು ನನಗೆ ಬರುವುದಿಲ್ಲ. ನನಗಂತೂ ಕಣ್ಣು ತುಂಬಿತು. "ನೀವು ಯಾರಲ್ಲಿ ಕೇಳ್ತೀರಿ ಅಜ್ಜಿ?" ಎಂದು ಅಡುಗೆಯ ಅಕ್ಕ ಕೇಳಿದಳು. ಅಜ್ಜಿ ದೀಪದ ಮುಂದಿನ ಎಲೆ ತೋರಿಸಿ, "ಅವರಲ್ಲಿ ಕೇಳಿ ಆಯ್ತು" ಎಂದರು. ಮತ್ತೆ ಅವಳನ್ನೇ ನೋಡಿ, "ಬೇಯಿಸಿದವಳು ನೀನು, ನಿನ್ನಲ್ಲೂ ಕೇಳಬೇಕು. ಉಣ್ಣಲಾ?" ಎಂದರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಊಟದ ನಡುವೆ ಫೋನುಗಳು ಬರಲು ಶುರುವಾದವು. ನಾವು ಮಕ್ಕಳಿಗೆ ಮೊದಲೇ ಹೇಳಿದ್ದೆವು. ಮಸ್ಕತ್‌ನಿಂದ ನನ್ನ ಮಗ ವೀಡಿಯೊದಲ್ಲಿ ಬಂದ. ಕೆಲಸದ ಜಾಗದಲ್ಲೇ ಇದ್ದ, ಮುಂದೆ ಟಿಫಿನ್ ಡಬ್ಬಿ. "ಅಮ್ಮ, ಇಲ್ಲಿ ಹೊಸ ಅಕ್ಕಿ ಸಿಗಲಿಲ್ಲ. ಇದ್ದದ್ದನ್ನೇ ಉಣ್ತೇನೆ, ಉಣ್ಣಲಾ?" ಎಂದ. ಉಣ್ಣು ಮಗ ಎಂದೆ. ಅವನು ಮನೆ ಬಿಟ್ಟು ಹೋದ ಮೇಲೆ ಇಷ್ಟು ವರ್ಷ ಈ ಮಾತು ಕೇಳಿರಲಿಲ್ಲ. ಅಮ್ಮನನ್ನು ಯಾರದೋ ಕೈಗೆ ಒಪ್ಪಿಸಿದೆ ಎಂಬ ಭಾರ ಅವನಲ್ಲಿತ್ತು, ನನಗೆ ಗೊತ್ತು. ನಾನು ಫೋನ್ ತಿರುಗಿಸಿ ಪಂಕ್ತಿ ತೋರಿಸಿದೆ, ನನ್ನ ಕೈಯ ಸೌಟು ತೋರಿಸಿದೆ. ಅವನು ತುಂಬ ಹೊತ್ತು ನೋಡಿದ.

ಸಂಜೆ ಬಾಗಲಕೋಟೆ ಕಡೆಯ ಆಯಾ ಒಬ್ಬಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬನ್ನಿ ಎಲೆ ತಂದಳು. ಊರಿಂದ ಬಂದ ತಮ್ಮ ತಂದುಕೊಟ್ಟದ್ದಂತೆ. ಅವರ ಕಡೆ ದಶಮಿಯ ಸಂಜೆ ಬನ್ನಿ ಕೊಟ್ಟು ಹಿರಿಯರ ಕಾಲು ಮುಟ್ಟುತ್ತಾರೆ. ಅವಳು ಎಲ್ಲರ ಕೈಗೂ ಎರಡೆರಡು ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದಳು. ಮನೆ ಬಿಟ್ಟು ನಾನ್ನೂರು ಕಿಲೋಮೀಟರ್ ದೂರ ಬಂದು ನಮ್ಮ ಸೇವೆ ಮಾಡುವ ಹುಡುಗಿ. ಅವಳ ಹಬ್ಬವೂ ನಮ್ಮ ಮನೆಯಲ್ಲಿ ಆಗಬೇಕಿತ್ತು, ಆಯಿತು. ರಾತ್ರಿ ಟೀವಿಯಲ್ಲಿ ಕುದ್ರೋಳಿಯ ದಸರಾ ಮೆರವಣಿಗೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗೋಕರ್ಣನಾಥನ ಕ್ಷೇತ್ರದಿಂದ ಹೊರಟ ಶಾರದೆ, ನವದುರ್ಗೆಯರು ಪೇಟೆ ಸುತ್ತಿ ಮತ್ತೆ ಅಲ್ಲಿಯ ಕೆರೆಗೆ ಬರುವವರೆಗೆ ನೋಡುತ್ತೇವೆ ಎಂದು ಹಟ ಹಿಡಿದವರಿದ್ದರು. ಸಿಸ್ಟರ್ ಅವತ್ತು ಒಂಬತ್ತಕ್ಕೆ ಲೈಟ್ ಆರಿಸಲಿಲ್ಲ.

ದೀಪಾವಳಿಯ ಎಣ್ಣೆ ಸ್ನಾನದ ಬಗ್ಗೆ ಒಂದು ಮಾತು ಹೇಳಬೇಕು, ಬೇರೆ ಕಡೆಯವರಿಗೂ ಬೇಕಾಗಬಹುದು. ಎಣ್ಣೆ ಬಿದ್ದ ಬಚ್ಚಲು ನಮ್ಮ ವಯಸ್ಸಿನವರಿಗೆ ಅಪಾಯ. ಆದರೆ ಎಣ್ಣೆ ಸ್ನಾನ ಇಲ್ಲದೆ ಹಬ್ಬ ಹೇಗೆ? ಕೋಣೆಯಲ್ಲೇ ಕುರ್ಚಿಯಲ್ಲಿ ಕೂರಿಸಿ, ಕೆಳಗೆ ಹಳೆ ಬಟ್ಟೆ ಹಾಸಿ ಎಣ್ಣೆ ಹಚ್ಚಿದರು. ಪಾದಕ್ಕೆ ಹಚ್ಚಲಿಲ್ಲ. ಆಮೇಲೆ ಮೈ ಒರೆಸಿ, ಬಚ್ಚಲಲ್ಲಿ ಸ್ಟೂಲ್ ಮೇಲೆ ಕೂರಿಸಿ, ಹಂಡೆಯ ಬಿಸಿನೀರು. ಯಾರೂ ಜಾರಲಿಲ್ಲ. ರಾತ್ರಿ ಅಂಗಳದಲ್ಲಿ ದೀಪ ಇಟ್ಟು ಬಲೀಂದ್ರನನ್ನು ಕರೆದು "ಕೂ" ಹಾಕಿದೆವು. ದೂರದ ಮನೆಗಳಿಂದಲೂ "ಕೂ" ಬಂತು.

ಅಷ್ಟರಲ್ಲಿ ನವೆಂಬರ್ ಬಂತು. ಪಿಂಚಣಿದಾರರಿಗೆ ಅದು ಜೀವಂತ ಪ್ರಮಾಣಪತ್ರದ ತಿಂಗಳು. ಎಂಬತ್ತು ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು. ಮೊದಲು ಇದಕ್ಕಾಗಿ ಬ್ಯಾಂಕಿಗೆ, ಖಜಾನೆಗೆ ಎತ್ತಿಕೊಂಡು ಹೋಗಬೇಕಿತ್ತು. 2014ರಲ್ಲಿ ಜೀವನ್ ಪ್ರಮಾಣ್ ಬಂದ ಮೇಲೆ ಬೆರಳಚ್ಚಿನಿಂದ ಆಗುತ್ತದೆ ಎಂದರು. ಆದರೆ ಜೀವನಪೂರ್ತಿ ಪಾತ್ರೆ ತಿಕ್ಕಿದ, ಗದ್ದೆ ನಾಟಿ ಮಾಡಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಯಂತ್ರ ಹಿಡಿಯುವುದೇ ಇಲ್ಲ. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಅಂಚೆಯವರು ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆಯೂ ಉಂಟು. ಈ ಕೆಲಸ ನನಗೆ ಗೊತ್ತಿದ್ದದ್ದೇ. ಜಗಲಿಯಲ್ಲಿ ಒಂದು ಮೇಜು ಹಾಕಿ ಕೂತೆ. ಕಿಟಕಿಗೆ ಮುಖ ಮಾಡಿ ಕೂರಿಸಿದರೆ ಬೆಳಕು ಚೆನ್ನಾಗಿ ಬೀಳುತ್ತದೆ. ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಿ ಎಂದ ಕೂಡಲೇ ಮಿಟುಕಿಸಬೇಕು. ಪಾಣೆಮಂಗಳೂರಿನ ಅಜ್ಜಿ ಕಣ್ಣು ಮಿಟುಕಿಸಲು ಸ್ವಲ್ಪ ಹೊತ್ತು ತೆಗೆದುಕೊಂಡರು, ಆದರೂ ಆಯಿತು. ಗಂಡನ ಪಿಂಚಣಿ ಅವರಿಗೆ ಇನ್ನು ಒಂದು ವರ್ಷ ತೊಂದರೆ ಇಲ್ಲದೆ ಬರುತ್ತದೆ. ಒಬ್ಬೊಬ್ಬರದ್ದು ಆದ ಹಾಗೆ ರಾಯರು ಪುಸ್ತಕದಲ್ಲಿ ಸಂಖ್ಯೆ ಬರೆದುಕೊಂಡರು.

ಮುಂದಿನ ವರ್ಷದ ತೆನೆ ನಮ್ಮ ಅಂಗಳದಲ್ಲೇ ಬೆಳೆಯಬೇಕು ಎಂದು ಬೆಳ್ತಂಗಡಿಯ ಅಜ್ಜನ ಆಸೆ. ನೀರಿನ ಟ್ಯಾಂಕಿಯ ಪಕ್ಕ ಬಿಸಿಲು ಚೆನ್ನಾಗಿದೆ, ಅಲ್ಲಿ ಸಿಮೆಂಟಿನ ತೊಟ್ಟಿ ಇಡಲು ಮ್ಯಾನೇಜರ್ ಒಪ್ಪಿದ್ದಾರೆ. ಗದ್ದೆಯ ಅಣ್ಣ ಕಟಾವಿನ ದಿನ ಆರಿಸಿ ಕೊಟ್ಟ ತೆನೆಗಳನ್ನು ಬೀಜಕ್ಕೆಂದು ಅಡುಗೆಮನೆಯ ಮೇಲಿನ ಗೂಟಕ್ಕೆ ಕಟ್ಟಿದ್ದೇವೆ. ಮಳೆ ಶುರುವಾದ ಮೇಲೆ ಬಿತ್ತಿದರೆ ನವರಾತ್ರಿಗೆ ಸರಿಯಾಗುತ್ತದೆ. ಸೊಪ್ಪಿನ ಗೊಬ್ಬರ ಮೊದಲೇ ಹಾಕಿ ಕೊಳೆಸಬೇಕು, ನೀರು ನಿಲ್ಲುವ ಹಾಗೆ ಕೆಸರು ಮಾಡಬೇಕು, ಗುಬ್ಬಚ್ಚಿಗೆ ಬಲೆ ಬೇಕು. ಅಜ್ಜ ದಿನಕ್ಕೊಂದು ಮಾತು ನೆನಪು ಮಾಡಿ ಹೇಳುತ್ತಾರೆ, ಬಾಗಲಕೋಟೆಯ ಹುಡುಗಿ ಬರೆದಿಡುತ್ತಾಳೆ. ನಿನ್ನೆಯದ್ದು ಹೀಗಿದೆ: ತೊಟ್ಟಿಯ ತೂತು ಮುಚ್ಚಬೇಡಿ, ಬಟ್ಟೆ ತುರುಕಿ, ಬೇಕಾದಾಗ ನೀರು ಬಿಡಲಿಕ್ಕೆ ಆಗುತ್ತದೆ.